ಸಾಕ್ಸ್ ಇಲ್ಲದೆ ಓಡ್ತೀರಾ? ಶೂ ಕಚ್ಚದ ಹಾಗೆ ನೋಡ್ಕೊಳ್ಳಿ

ಹೊಸ ಚಪ್ಪಲಿ ಕಚ್ಚುತ್ತೆ, ಹೊಸ ಶೂ ಕಚ್ಚುತ್ತೆ. ನಮ್ಮ ಕಡೆ ಹೀಗೇ ಹೇಳೋದು. ಮದುವೆ ಮನೆಯಲ್ಲಿ ಕಚ್ಚಿದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದುಬಿಡಬಹುದು. ಆದರೆ ಮುಕ್ಕಾಲು ಕಿಲೋಮೀಟರ್ ಈಜಿ, 20 ಕಿಲೋಮೀಟರ್ ಸೈಕಲ್ ತುಳಿದು, ಇನ್ನೇನು ಐದೇ ಕಿಲೋಮೀಟರ್ ಓಟ ಬಾಕಿ ಅನ್ನುವಾಗ ಹಿಮ್ಮಡಿ ಚುರ್ ಅಂದರೆ? ಉಸಿರು ಇದೆ, ತೊಡೆಯಲ್ಲಿ ಶಕ್ತಿ ಇದೆ, ಆದರೂ ಕಾಲು ಊರೋಕೆ ಆಗಲ್ಲ. ಒಂದು ರೂಪಾಯಿ ನಾಣ್ಯದಷ್ಟು ಅಗಲದ ಬೊಬ್ಬೆ ಮೂರು ತಿಂಗಳ ಶ್ರಮವನ್ನು ನುಂಗಿಬಿಡುತ್ತೆ.

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಟ್ರಯಥ್ಲಾನ್ ಈಗ ನಮ್ಮ ಆಫೀಸ್ ಗೆಳೆಯರ ಬಾಯಲ್ಲೂ ಓಡಾಡುವ ಪದ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಶುರುವಾದ ಈ ಆಟ 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಬಂತು. ಗೋವಾದಲ್ಲಿ 2019ರಿಂದ ಅರ್ಧ ಐರನ್‌ಮ್ಯಾನ್ ನಡೆಯುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು 8 ಗಂಟೆ 27 ನಿಮಿಷದಲ್ಲಿ ಮುಗಿಸಿದ್ದು ಸುದ್ದಿಯಾದ ಮೇಲಂತೂ "ನಾವೂ ಒಂದು ಕೈ ನೋಡೋಣ" ಅನ್ನುವವರು ಜಾಸ್ತಿಯಾಗಿದ್ದಾರೆ.

ಹೀಗೆ ಹೊರಟವರೆಲ್ಲ ಮೊದಲು ನೋಡುವುದು ವಿಡಿಯೊ. ಅದರಲ್ಲಿ ಒಲಿಂಪಿಕ್ಸ್ ಓಟಗಾರರು ಸೈಕಲ್‌ನಿಂದ ಇಳಿದವರೇ ಬರಿಗಾಲನ್ನು ಶೂಗೆ ತುರುಕಿಕೊಂಡು ಓಡುತ್ತಾರೆ. ಸಾಕ್ಸ್ ಇಲ್ಲ. "ನಾವೂ ಹಾಗೇ ಓಡಿದ್ರಾಯ್ತು" ಅನ್ನಿಸುತ್ತೆ. ಓಡಬಹುದು. ಆದರೆ ಅವರ ಪಾದ ಅದಕ್ಕೆ ತಯಾರಾಗಿರುತ್ತೆ, ನಮ್ಮದು ಆಗಿರಲ್ಲ.

ಉಳಿಯುವುದು ಎಷ್ಟು ಸೆಕೆಂಡ್?

ಮೊಬೈಲ್‌ನ ಸ್ಟಾಪ್‌ವಾಚ್ ಇಟ್ಟು ನಾನೇ ನೋಡಿದೆ. ಒದ್ದೆ ಕಾಲಿಗೆ ಎರಡೂ ಸಾಕ್ಸ್ ಹಾಕಲು ನನಗೆ 40 ಸೆಕೆಂಡ್ ಬೇಕು. ಒರೆಸಿ ಒಣಗಿದ ಕಾಲಿಗೆ 15 ಸೆಕೆಂಡ್ ಸಾಕು. ಪದಕಕ್ಕಾಗಿ ಓಡುವವರಿಗೆ ಆ 15 ಸೆಕೆಂಡ್ ಅಂದರೆ ನಾಲ್ಕೈದು ಸ್ಥಾನ. ಮೊದಲ ಸಲ ಮುಗಿಸಿದರೆ ಸಾಕು ಅನ್ನುವ ನಮಗೆ ಅದು ಒಂದು ಲೋಟ ನೀರು ಕುಡಿಯುವ ಹೊತ್ತು.

ಹಾಗಾಗಿ ಮೊದಲು ದೂರ ನೋಡಿ. ಸ್ಪ್ರಿಂಟ್ ಟ್ರಯಥ್ಲಾನ್‌ನಲ್ಲಿ ಓಟ 5 ಕಿಲೋಮೀಟರ್. ಒಲಿಂಪಿಕ್ ದೂರದಲ್ಲಿ 10. ಅರ್ಧ ಐರನ್‌ಮ್ಯಾನ್‌ನಲ್ಲಿ 21.1. ನನ್ನ ಲೆಕ್ಕ ಇಷ್ಟೇ: 5ಕ್ಕೆ ಅಭ್ಯಾಸ ಇದ್ದರೆ ಸಾಕ್ಸ್ ಬಿಡಿ. 10ಕ್ಕೆ ತುಂಬಾ ಅಭ್ಯಾಸ ಇದ್ದರೆ ಮಾತ್ರ ಬಿಡಿ. 21ಕ್ಕೆ ಸುಮ್ಮನೆ ಹಾಕ್ಕೊಳ್ಳಿ. ಅಷ್ಟು ದೂರಕ್ಕೆ ಎಷ್ಟೋ ಅನುಭವಿಗಳೇ ಸಾಕ್ಸ್ ಹಾಕುತ್ತಾರೆ.

ನಮ್ಮೂರ ಕಡೆ ಇದು ಟ್ರಯಥ್ಲಾನ್‌ನವರ ತಲೆಬಿಸಿ ಮಾತ್ರ ಅಲ್ಲ. ಬೆಳಿಗ್ಗೆ ಐದೂವರೆಗೆ ಯಾವುದೇ ತಾಲ್ಲೂಕಿನ ಹೈಸ್ಕೂಲ್ ಮೈದಾನಕ್ಕೆ ಹೋಗಿ ನೋಡಿ. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ಹುಡುಗರು ಓಡುತ್ತಿರುತ್ತಾರೆ. 1600 ಮೀಟರ್, ಆರೂವರೆ ನಿಮಿಷ. ಅರ್ಧಕ್ಕರ್ಧ ಹುಡುಗರ ಕಾಲಲ್ಲಿ ಸಾಕ್ಸ್ ಇರಲ್ಲ. ಕೇಳಿದರೆ "ಸಾಕ್ಸ್ ಯಾಕಣ್ಣ, ಬೆವರು ಹಿಡಿಯುತ್ತೆ" ಅಂತಾರೆ. ಪರೀಕ್ಷೆಯ ಹಿಂದಿನ ವಾರ ಒಂದು ಬೊಬ್ಬೆ ಎದ್ದರೆ ಅವರಿಗೆ ಹೋಗುವುದು ಪದಕ ಅಲ್ಲ, ಮುಂದಿನ ನೇಮಕಾತಿವರೆಗಿನ ಕಾಯುವಿಕೆ.

ಬೊಬ್ಬೆ ಏಳೋದು ಹೇಗೆ?

ಶೂ ಚರ್ಮವನ್ನು ಉಜ್ಜಿ ಉಜ್ಜಿ ಬೊಬ್ಬೆ ಬರುತ್ತೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಉಜ್ಜಿದರೆ ಆಗುವುದು ತರಚು ಗಾಯ. ಬೊಬ್ಬೆಯ ಕತೆ ಬೇರೆ.

ನಿಮ್ಮ ಎಡ ಅಂಗೈ ಹಿಂಭಾಗದ ಮೇಲೆ ಬಲಗೈ ಬೆರಳಿಟ್ಟು, ಬೆರಳು ಜಾರದಂತೆ ಒತ್ತಿ ಹಿಂದೆ ಮುಂದೆ ಆಡಿಸಿ. ಮೇಲಿನ ಚರ್ಮ ಬೆರಳಿಗೆ ಅಂಟಿಕೊಂಡೇ ಇರುತ್ತೆ, ಒಳಗಿನ ಮೂಳೆ ಮಾತ್ರ ಬೇರೆ ಕಡೆ ಹೋಗುತ್ತೆ. ನಡುವಿನ ಪದರ ಎಳೆದಾಡುತ್ತೆ. ಓಡುವಾಗ ಪ್ರತಿ ಹೆಜ್ಜೆಗೂ ಶೂ ಒಳಗೆ ಇದೇ ಆಗುತ್ತೆ. ಐದು ಕಿಲೋಮೀಟರ್ ಅಂದರೆ ಸಾವಿರಾರು ಹೆಜ್ಜೆ. ಕೊನೆಗೆ ಹೊರಚರ್ಮದ ಒಳಪದರ ಹರಿದು ಬಾಯಿ ಬಿಡುತ್ತೆ, ಆ ಜಾಗಕ್ಕೆ ನೀರು ತುಂಬಿಕೊಳ್ಳುತ್ತೆ. ಅದೇ ಬೊಬ್ಬೆ. ಪಾದದ ಚರ್ಮ ದಪ್ಪ ಇರುವುದರಿಂದ ಮೇಲಿನ ಪದರ ಒಡೆಯದೆ ನೀರು ಒಳಗೇ ನಿಲ್ಲುತ್ತೆ.

ಇದಕ್ಕೆ ಮೂರು ಗೆಳೆಯರು: ತೇವ, ಬಿಸಿ, ಸಡಿಲ ಶೂ. ತೇವವಾದ ಚರ್ಮ ಶೂಗೆ ಹೆಚ್ಚು ಅಂಟುತ್ತೆ. ಸಾಕ್ಸ್ ಇದ್ದಾಗ ಬೆವರನ್ನು ಅದು ಹೀರಿಕೊಳ್ಳುತ್ತೆ, ಎಳೆದಾಟದಲ್ಲಿ ಒಂದು ಪಾಲನ್ನೂ ತಾನೇ ತಡೆದುಕೊಳ್ಳುತ್ತೆ. ಸಾಕ್ಸ್ ತೆಗೆದರೆ ಆ ಎರಡು ಕೆಲಸಕ್ಕೂ ಬೇರೆ ವ್ಯವಸ್ಥೆ ಆಗಬೇಕು. ಇಡೀ ವಿಷಯದ ಗುಟ್ಟು ಇಷ್ಟೇ.

ನಾಲ್ಕು ತಾಲ್ಲೂಕು, ನಾಲ್ಕು ಪಾಠ

ನಾನು ಚನ್ನಗಿರಿಯವನು. ಅಮ್ಮನ ತವರು ಹೊನ್ನಾಳಿ. ನನ್ನ ಹೆಂಡತಿ ನ್ಯಾಮತಿಯವಳು. ಅಕ್ಕನನ್ನು ಕೊಟ್ಟಿರೋದು ಜಗಳೂರಿಗೆ. ಕೆಲಸ ಬೆಂಗಳೂರಲ್ಲಿದ್ದರೂ ತಿಂಗಳಿಗೆರಡು ವಾರಾಂತ್ಯ ಈ ನಾಲ್ಕರಲ್ಲಿ ಒಂದು ಊರಲ್ಲಿ ಇರುತ್ತೇನೆ, ಬೆಳಿಗ್ಗೆ ಎದ್ದು ಓಡುತ್ತೇನೆ. ಒಂದೇ ಜಿಲ್ಲೆ, ಆದರೆ ಕಾಲಿಗೆ ನಾಲ್ಕೂ ಬೇರೆ ಬೇರೆ.

ಚನ್ನಗಿರಿ ಕಡೆ ಅಡಿಕೆ ತೋಟ. ಮಳೆಗಾಲ ಮುಗಿದ ಮೇಲೂ ಬೆಳಗಿನ ಹುಲ್ಲಿನ ಮೇಲೆ ಇಬ್ಬನಿ. ಸೂಳೆಕೆರೆ ಕಡೆ ಬೆಳಿಗ್ಗೆ ಓಡಿ ಬಂದರೆ ಮಳೆ ಇಲ್ಲದಿದ್ದರೂ ಶೂ ತೊಯ್ದಿರುತ್ತೆ. ಇಲ್ಲಿನ ಪಾಠ ತೇವದ್ದು. ಒದ್ದೆ ಶೂನಲ್ಲಿ ಸಾಕ್ಸ್ ಇಲ್ಲದೆ ಎರಡು ಕಿಲೋಮೀಟರ್ ದಾಟುವಷ್ಟರಲ್ಲಿ ಹೆಬ್ಬೆರಳ ಬುಡ ಬಿಸಿಯಾಗತೊಡಗುತ್ತೆ. ಟ್ರಯಥ್ಲಾನ್‌ನಲ್ಲಿ ಇದು ನೀರಿನಿಂದ ಎದ್ದು ಬಂದ ಕಾಲು. ಒಳ್ಳೆ ಸುದ್ದಿ ಏನಂದ್ರೆ ನಡುವೆ ಸೈಕಲ್ ಇದೆ. ಸೈಕಲ್ ಶೂ ತೆಳ್ಳಗಿದ್ದು ಗಾಳಿ ಆಡಿದರೆ 20 ಕಿಲೋಮೀಟರ್‌ನಲ್ಲಿ ಕಾಲು ತಾನೇ ಒಣಗುತ್ತೆ. ಆದರೆ ನಮ್ಮಲ್ಲಿ ಬಹಳ ಜನ ಸೈಕಲ್‌ಗೂ ಓಟಕ್ಕೂ ಒಂದೇ ಶೂ ಹಾಕುತ್ತೇವೆ. ಆಗ ಒದ್ದೆ ಕಾಲನ್ನು ಶೂ ಒಳಗೆ ಹಾಕಿ ಮುಚ್ಚಿದರೆ ಮುಗೀತು, ಒಂದು ಗಂಟೆ ನೀರು ಒಳಗೇ. ಹಾಗಿರುವವರು ಈಜು ಮುಗಿಸಿ ಬಂದ ತಕ್ಷಣವೇ ಕಾಲು ಒರೆಸಬೇಕು. ಸೈಕಲ್ ಪಕ್ಕ ಒಂದು ಹಳೇ ಪಂಚೆ ತುಂಡು ಹಾಸಿಡಿ. ಅದರ ಮೇಲೆ ನಿಂತು ಎರಡು ಸಲ ಕಾಲು ಉಜ್ಜಿದರೆ ಅಂಗಾಲು ಒಣಗುತ್ತೆ. ಬೆರಳ ಸಂದಿ ಮಾತ್ರ ಕೈಯಿಂದ ಒರೆಸಿ.

ಹೊನ್ನಾಳಿ ತುಂಗಭದ್ರೆಯ ದಡದ ಊರು. ಇಲ್ಲಿನ ಪಾಠ ಮರಳಿನದು. ಹೊಳೆ ದಂಡೆಯಲ್ಲಿ ನಡೆದು ಬಂದು ಹಾಗೇ ಶೂ ಹಾಕಿದರೆ ಕಾಲ ಕೆಳಗೆ ಉಪ್ಪುಕಾಗದ ಇಟ್ಟ ಹಾಗೆ. ಗೋವಾದ ಮಿರಾಮಾರ್ ಕಡಲತೀರದಲ್ಲೂ ಈಜಿ ಬಂದವರ ಕಾಲಿಗೆ ಇದೇ ಮರಳು. ಇಲ್ಲಿ ಕ್ರಮ ಮುಖ್ಯ: ಮೊದಲು ಮರಳು ತೊಳೀಬೇಕು, ಆಮೇಲೆ ಒರೆಸಬೇಕು, ಕೊನೆಗೆ ಶೂ. ಸಣ್ಣ ಬಾಟಲಿಯಲ್ಲಿ ನೀರು ಇಟ್ಟುಕೊಂಡರೆ ಸಾಕು. ವ್ಯಾಸಲೀನ್ ಹಚ್ಚಿದ ಕಾಲಲ್ಲಿ ಮರಳಿನ ಮೇಲೆ ನಡೆದರೆ ಇಡೀ ದಂಡೆಯೇ ಅಂಟಿಕೊಂಡು ಬರುತ್ತೆ. ಹಾಗಾಗಿ ವ್ಯಾಸಲೀನ್ ಕಾಲಿಗೆ ಹಚ್ಚುವುದಕ್ಕಿಂತ ಹಿಂದಿನ ರಾತ್ರಿಯೇ ಶೂ ಒಳಗೆ ಹಚ್ಚಿಡುವುದು ಜಾಣತನ. ಅಂದಹಾಗೆ ಈಜು ಕಲಿಯೋಕೆ ಹೊಳೆ, ಕೆರೆಗೆ ಒಬ್ಬರೇ ಇಳೀಬೇಡಿ. ನಾನು ಈಜೋಕೆ ದಾವಣಗೆರೆಯ ಈಜುಕೊಳಕ್ಕೇ ಹೋಗೋದು.

ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ಇಲ್ಲೇ. ಫೆಬ್ರುವರಿಯ ಜಯಂತಿಗೆ ಮಾಲಾಧಾರಿಗಳು ದೂರದಿಂದ ನಡೆದು ಬರುತ್ತಾರೆ. ನಮ್ಮ ಜಿಲ್ಲೆಯಿಂದ ಕೊಟ್ಟೂರೇಶ್ವರನ ತೇರಿಗೆ ನಡೆದು ಹೋಗುವವರೂ ಸಾವಿರಾರು. ಇವರ ಕಾಲು ನೋಡಿದರೆ ಒಂದು ವಿಷಯ ಅರ್ಥವಾಗುತ್ತೆ. ವರ್ಷವಿಡೀ ಹೊಲದಲ್ಲಿ ಬರಿಗಾಲಲ್ಲಿ ಓಡಾಡುವ ಅಜ್ಜ ಆರಾಮಾಗಿ ನಡೆಯುತ್ತಾರೆ. ಆಫೀಸಿಂದ ರಜೆ ಹಾಕಿ ಬಂದ ಮೊಮ್ಮಗ ಎರಡನೇ ದಿನ ಕುಂಟುತ್ತಾನೆ. ಭಕ್ತಿ ಇಬ್ಬರದೂ ಒಂದೇ, ಪಾದದ ಅಭ್ಯಾಸ ಬೇರೆ.

ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಕತೆ ಎಲ್ಲರಿಗೂ ಗೊತ್ತು. ಹೊಸ ಶೂ ಕಾಲಿಗೆ ಸರಿಹೊಂದಲಿಲ್ಲ, ಬರಿಗಾಲಲ್ಲಿ ಓಡಿ ಅವರಿಗೆ ಮೊದಲೇ ರೂಢಿ ಇತ್ತು. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಅದೇ ಬಿಕಿಲ ಶೂ, ಸಾಕ್ಸ್ ಎರಡನ್ನೂ ಹಾಕಿ ಮತ್ತೆ ಚಿನ್ನ ಗೆದ್ದರು. ಕಾಲಿಗೆ ಯಾವುದು ರೂಢಿಯೋ ಅದರಲ್ಲೇ ಓಡಬೇಕು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಜಗಳೂರಿನ ಪಾಠ ಬಿಸಿಯದು. ಮಳೆ ಕಡಿಮೆ, ಬಿಸಿಲು ಜಾಸ್ತಿ. ಕೊಂಡುಕುರಿಗಳಿರುವ ರಂಗಯ್ಯನದುರ್ಗದ ಕುರುಚಲು ಕಾಡಿನ ಕಡೆ ಏಪ್ರಿಲ್‌ನಲ್ಲಿ ಒಂಬತ್ತು ಗಂಟೆಗೇ ರಸ್ತೆ ಕಾದಿರುತ್ತೆ. "ಇಲ್ಲಿ ತೇವ ಎಲ್ಲಿದೆ, ಬೊಬ್ಬೆ ಬರಲ್ಲ ಬಿಡು" ಅಂತ ಭಾವ ಅಂತಿದ್ದರು. ತೇವ ಇದೆ, ಅದನ್ನು ನಾವೇ ತರುತ್ತೇವೆ. ಸೆಖೆ ತಡೆಯಲಾರದೆ ತಲೆ ಮೇಲೆ ನೀರು ಸುರಿದುಕೊಂಡರೆ ಅದು ಬೆನ್ನು, ತೊಡೆ, ಮೀನಖಂಡ ಇಳಿದು ನೇರ ಶೂ ಒಳಗೆ ಹೋಗುತ್ತೆ. ಅಲ್ಲಿವರೆಗೆ ಕಾಪಾಡಿಕೊಂಡ ಒಣಕಾಲು ಒಂದು ಮಗ್ ನೀರಿನಲ್ಲಿ ಹೋಯಿತು. ನೀರು ಹಾಕಲೇಬೇಕಾದರೆ ನಿಂತು, ಮುಂದಕ್ಕೆ ಬಗ್ಗಿ, ಕುತ್ತಿಗೆಗೆ ಹಾಕಿಕೊಳ್ಳಿ. ಇನ್ನೊಂದು, ಶೂಗಳನ್ನು ಬಿಸಿಲಿಗೆ ಬಾಯಿ ತೆರೆದು ಇಡಬೇಡಿ. ಕಾದ ಶೂಗೆ ಕಾಲಿಟ್ಟರೆ ಆರಂಭದಲ್ಲೇ ಬಿಸಿ, ಬೆವರು. ಟವೆಲ್ ಮುಚ್ಚಿಡಿ.

ಶೂ ಒಳಗೆ ಕೈ ಹಾಕಿ ನೋಡಿ

ಸಾಕ್ಸ್ ಇಲ್ಲದೆ ಓಡುವ ಶೂ ಅಂಗಡಿಯಲ್ಲಿ ಚೆನ್ನಾಗಿ ಕಂಡರೆ ಸಾಲದು. ಒಳಗೆ ಕೈ ಹಾಕಿ ಕಣ್ಣು ಮುಚ್ಚಿ ಸವರಿ. ಹೊಲಿಗೆ ಎಲ್ಲಿ ಉಬ್ಬಿದೆ? ಒಳ ಅಟ್ಟೆಯ ಅಂಚು ಎಲ್ಲಿ ಎದ್ದಿದೆ? ಹಿಮ್ಮಡಿಯ ಬಟ್ಟೆ ಹರಿದಿದೆಯಾ? ನಾಲಿಗೆಯ ಅಂಚು ಚೂಪಾಗಿದೆಯಾ? ಬೆರಳಿಗೆ ತಾಗಿದ್ದೆಲ್ಲ ನಾಳೆ ಪಾದಕ್ಕೆ ತಾಗುತ್ತೆ. ಅಲ್ಲೆಲ್ಲ ತೆಳ್ಳಗೆ ವ್ಯಾಸಲೀನ್ ಸವರಿ. ಒಳ ಅಟ್ಟೆಯ ಮೇಲೆ ಒಂದು ಚಿಟಿಕೆ ಟಾಲ್ಕಂ ಪೌಡರ್ ಉದುರಿಸಿ. ಎರಡನ್ನೂ ಒಂದೇ ಜಾಗಕ್ಕೆ ಹಾಕಬೇಡಿ, ಕಲಸಿದ ಹಿಟ್ಟಿನಂತೆ ಗಂಟುಕಟ್ಟುತ್ತೆ.

ವ್ಯಾಸಲೀನ್‌ಗೂ ಒಂದು ಮಿತಿ ಇದೆ. ಮೊದಲು ಜಾರಿಕೆ ಕೊಡುತ್ತೆ, ಒಂದು ಗಂಟೆಯ ಹೊತ್ತಿಗೆ ಅದರ ಪ್ರಭಾವ ಇಳಿಯುತ್ತೆ, ಇನ್ನೂ ಹೊತ್ತಾದರೆ ಚರ್ಮ ಮೆತ್ತಗಾಗಿ ಮೊದಲಿಗಿಂತ ಹೆಚ್ಚು ಅಂಟುತ್ತೆ. ಐದು ಕಿಲೋಮೀಟರ್‌ಗೆ ಸರಿ, ಇಪ್ಪತ್ತೊಂದಕ್ಕೆ ನಂಬಬೇಡಿ.

ಹಿಮ್ಮಡಿ ಮೇಲೆ ಕೆಳಗೆ ಜಾರುತ್ತಿದ್ದರೆ ಯಾವ ಪೌಡರೂ ಕಾಪಾಡಲ್ಲ. ಶೂನ ಕೊನೆಯ ತೂತಿನಲ್ಲಿ ಲೇಸನ್ನು ಒಂದು ಕುಣಿಕೆ ಮಾಡಿ, ಎದುರಿನ ಲೇಸನ್ನು ಅದರೊಳಗೆ ತೂರಿಸಿ ಬಿಗಿದರೆ ಹಿಮ್ಮಡಿ ಕೂರುತ್ತೆ. ಟ್ರಯಥ್ಲಾನ್‌ನವರು ಹಾಕುವ ಎಲಾಸ್ಟಿಕ್ ಲೇಸ್‌ನಿಂದ ಸಮಯ ಉಳಿಯುತ್ತೆ ನಿಜ, ಆದರೆ ಸಡಿಲ ಬಿಟ್ಟರೆ ಅದೇ ಶತ್ರು. ಮುಂದೆ ಬೆರಳಿಗೆ ಒಂದು ಹೆಬ್ಬೆರಳಿನಗಲ ಜಾಗ ಇರಲಿ. ಉಗುರು ಕತ್ತರಿಸೋದು ಹಿಂದಿನ ದಿನ ಬೇಡ, ಎರಡು ಮೂರು ದಿನ ಮೊದಲೇ ಆಗಲಿ.

ಮೈಕ್ರೋಪೋರ್, ಬೆವರು ತಡೆಯುವ ಲೋಷನ್

ಮೆಡಿಕಲ್ ಶಾಪ್‌ನಲ್ಲಿ ಮೈಕ್ರೋಪೋರ್ ಅಂತ ಕೇಳಿದರೆ ಕೊಡುವ ಕಾಗದದ ಟೇಪ್ ದುಬಾರಿ ಸಾಮಾನಲ್ಲ. ಹಲವು ದಿನ ಸೇರಿ 250 ಕಿಲೋಮೀಟರ್ ಓಡುವ ಸ್ಪರ್ಧೆಯಲ್ಲಿ ಇದನ್ನು ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಬಂತು. ಟೇಪ್ ಹಾಕಿದ ಕಡೆ ಬೊಬ್ಬೆ ಶೇಕಡ 40ರಷ್ಟು ಕಡಿಮೆಯಾಗಿತ್ತು. ನಿಮಗೆ ಯಾವಾಗಲೂ ಕಚ್ಚುವ ಜಾಗ ನಿಮಗೇ ಗೊತ್ತಿರುತ್ತಲ್ಲ, ಅಲ್ಲಿ ಒಂದೇ ಪದರ, ಸುಕ್ಕಿಲ್ಲದಂತೆ, ಒಣ ಚರ್ಮಕ್ಕೆ ಅಂಟಿಸಿ. ಈಜಿದರೆ ಎದ್ದು ಬರಬಹುದು. ಅದಕ್ಕೇ ಅಭ್ಯಾಸದ ದಿನವೇ ಪರೀಕ್ಷೆ ಮಾಡಿ.

ಅಂಗಾಲು ತುಂಬಾ ಬೆವರುವವರಿಗೆ ಇನ್ನೊಂದು ದಾರಿ ಇದೆ. 1998ರಲ್ಲಿ ಅಮೆರಿಕದ ಸೇನಾ ಕೆಡೆಟ್‌ಗಳ ಪಾದಕ್ಕೆ ಬೆವರು ತಡೆಯುವ ಅಲ್ಯುಮಿನಿಯಂ ಕ್ಲೋರೈಡ್ ದ್ರಾವಣ ಹಚ್ಚಿ 21 ಕಿಲೋಮೀಟರ್ ನಡೆಸಿ ನೋಡಿದರು. ಕನಿಷ್ಠ ಮೂರು ರಾತ್ರಿ ಹಚ್ಚಿದವರಲ್ಲಿ ಶೇಕಡ 21 ಜನಕ್ಕೆ ಬೊಬ್ಬೆ ಬಂತು, ಔಷಧವಿಲ್ಲದ ದ್ರಾವಣ ಹಚ್ಚಿದವರಲ್ಲಿ ಶೇಕಡ 48 ಜನಕ್ಕೆ. ಆದರೆ ಹಚ್ಚಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಚರ್ಮ ಉರಿ, ತುರಿಕೆಯೂ ಬಂತು. ಹಾಗಾಗಿ ಚರ್ಮದ ಡಾಕ್ಟರನ್ನು ಕೇಳದೆ ಬೇಡ. ಸುವಾಸನೆಯ ಡಿಯೋಡರೆಂಟ್ ಈ ಕೆಲಸ ಮಾಡಲ್ಲ ಅನ್ನೋದೂ ನೆನಪಿರಲಿ.

ಆರು ವಾರದ ಅಭ್ಯಾಸ

ರೇಸ್ ದಿನ ಬೆಳಿಗ್ಗೆ "ಇವತ್ತು ಸಾಕ್ಸ್ ಬಿಡೋಣ" ಅಂತ ತೀರ್ಮಾನಿಸುವಂಥದ್ದಲ್ಲ ಇದು. ನಾನು ಅನುಸರಿಸುವ ಕ್ರಮ ಹೀಗಿದೆ:

- ಮೊದಲ ವಾರ: ಮಾಮೂಲಿ ಓಟ ಮುಗಿದ ಮೇಲೆ ಸಾಕ್ಸ್ ತೆಗೆದು ಒಂದು ಕಿಲೋಮೀಟರ್, ವಾರಕ್ಕೆ ಎರಡೇ ಸಲ.
- ಎರಡು, ಮೂರನೇ ವಾರ: ಎರಡು ಕಿಲೋಮೀಟರ್. ಮನೆಗೆ ಬಂದು ಪಾದ ನೋಡಿ. ಕೆಂಪಾದ ಜಾಗವೇ ನಾಳಿನ ಬೊಬ್ಬೆಯ ವಿಳಾಸ. ಶೂ ಒಳಗೆ ಅದೇ ಜಾಗ ಹುಡುಕಿ.
- ನಾಲ್ಕನೇ ವಾರ: ಮೂರು ಕಿಲೋಮೀಟರ್, ವೇಗ ಹೆಚ್ಚಿಸಿ. ವೇಗ ಹೆಚ್ಚಿದಂತೆ ಎಳೆದಾಟವೂ ಹೆಚ್ಚುತ್ತೆ.
- ಐದನೇ ವಾರ: ಬಕೆಟ್ ಪರೀಕ್ಷೆ. ಕಾಲನ್ನು ಹತ್ತು ನಿಮಿಷ ನೀರಿನಲ್ಲಿಟ್ಟು, ರೇಸ್ ದಿನ ಒರೆಸುವಷ್ಟೇ ಒರೆಸಿ, ಅರ್ಧ ಗಂಟೆ ಸೈಕಲ್ ತುಳಿದು, ನಾಲ್ಕು ಕಿಲೋಮೀಟರ್ ಓಡಿ.
- ಆರನೇ ವಾರ: ಏನೂ ಹೊಸದು ಬೇಡ. ಹೊಸ ಶೂ ಅಂತೂ ಬೇಡವೇ ಬೇಡ.

ಬಕೆಟ್ ಪರೀಕ್ಷೆಯಲ್ಲಿ ಬೊಬ್ಬೆ ಎದ್ದರೆ ಉತ್ತರ ಸಿಕ್ಕಿತು, ಈ ಸಲ ಸಾಕ್ಸ್ ಹಾಕಿ. ಹತ್ತಿಯದು ನೀರು ಹೀರಿ ಹಿಡಿದುಕೊಳ್ಳುತ್ತೆ, ಪಾಲಿಯೆಸ್ಟರ್ ಅಥವಾ ನೈಲಾನ್ ಬೆರೆತ ತೆಳುವಾದದ್ದು ಒಳ್ಳೇದು. ಒಳಗೆ ಪೌಡರ್ ಹಾಕಿ, ಬೆರಳಿನ ತುದಿವರೆಗೆ ಸುತ್ತಿಟ್ಟರೆ ಬೇಗ ಏರುತ್ತೆ.

ಬಂದೇ ಬಿಟ್ಟರೆ?

ಸಣ್ಣ ಬೊಬ್ಬೆಯನ್ನು ಮುಟ್ಟಬೇಡಿ, ಮುಚ್ಚಿಡಿ. ಮೇಲಿನ ಚರ್ಮಕ್ಕಿಂತ ಒಳ್ಳೆ ಬ್ಯಾಂಡೇಜ್ ಇಲ್ಲ. ದೊಡ್ಡದಾಗಿ ನಡೆಯೋಕೇ ಆಗದಿದ್ದರೆ ಕೈ ಸೋಪಿನಲ್ಲಿ ತೊಳೆದು, ಹೊಸ ಸೂಜಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಅಂಚಿನಲ್ಲಿ ಚುಚ್ಚಿ ನೀರು ತೆಗೆಯಬಹುದು. ಚರ್ಮ ಕಿತ್ತು ಹಾಕಬೇಡಿ. ಪೊವಿಡೋನ್ ಅಯೋಡಿನ್ ಹಚ್ಚಿ ಬ್ಯಾಂಡೇಜ್ ಕಟ್ಟಿ. ಸೂಜಿಯಿಂದ ದಾರ ತೂರಿಸಿ ಒಳಗೇ ಬಿಡುವ ರೂಢಿ ಕೆಲವರಲ್ಲಿದೆ. ಆ ದಾರ ಕೀವಿಗೆ ದಾರಿ. ಸುಣ್ಣ, ಕಾಫಿಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಸುಮಾರು ಐದು ದಿನದಲ್ಲಿ ಕೆಳಗೆ ಹೊಸ ಪದರ ಬಂದಿರುತ್ತೆ. ಸುತ್ತಲೂ ಕೆಂಪು ಹರಡಿದರೆ, ಕೀವು, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ.

ಸಕ್ಕರೆ ಕಾಯಿಲೆ ಇರುವವರಿಗೆ ಈ ಲೇಖನದ ಬಹುಪಾಲು ಅನ್ವಯಿಸಲ್ಲ. ಪಾದದ ಸ್ಪರ್ಶ ಕಡಿಮೆ ಇದ್ದರೆ ಬೊಬ್ಬೆ ಎದ್ದದ್ದೂ ಗೊತ್ತಾಗಲ್ಲ, ಗಾಯ ಬೇಗ ಮಾಯೋದೂ ಇಲ್ಲ. ಅವರು ಸಾಕ್ಸ್ ಇಲ್ಲದೆ ಓಡೋದು ಬೇಡ, ಮನೆಯಲ್ಲಿ ಸೂಜಿ ಹಿಡಿಯೋದೂ ಬೇಡ.

ಮೈದಾನದ ಹುಡುಗರಿಗೆ ನಾನು ಹೇಳೋದು ಒಂದೇ: ಪರೀಕ್ಷೆಗೆ ಯಾವ ಶೂ, ಯಾವ ಕಾಲು ಅಂತ ಇವತ್ತೇ ತೀರ್ಮಾನ ಮಾಡಿ, ಅದರಲ್ಲೇ ದಿನಾ ಓಡಿ. ಸಾಕ್ಸ್ ಹಾಕಿದರೆ ಯಾರೂ ಚಿಕ್ಕವರಾಗಲ್ಲ, ಬಿಟ್ಟರೆ ಯಾರೂ ಶೂರರಾಗಲ್ಲ. ಗೆರೆ ದಾಟುವಾಗ ಎರಡೂ ಪಾದ ನೆಟ್ಟಗೆ ಊರಿದರೆ ಸಾಕು.

ನಿಮ್ಮ ಶೂ ಯಾವ ಜಾಗದಲ್ಲಿ ಕಚ್ಚುತ್ತೆ, ಅದಕ್ಕೆ ನೀವು ಏನು ಮಾಡ್ತೀರಿ? ಓದುಗರ ಅಂಕಣಕ್ಕೆ ಬರೆದು ಕಳಿಸಿ.